ಆಡದೆ ಹೋದ ಒಂದೇ ಆಟ

ಪಾದ್ರಿಮನೆ, ಲಿಟಲ್ ಹ್ಯಾಂಬರಿ
ಆಗಸ್ಟ್ ೪, ೧೮೮೯

ಮಿಸ್ ಹೊನೋರಿಯಾ ಅವರಿಗೆ,

ಅಕ್ಷರ ಸೊಟ್ಟಗಿದೆ, ಕಾಗುಣಿತ ಅಲ್ಲಲ್ಲಿ ತಪ್ಪಿದೆ, ಮನ್ನಿಸಬೇಕು. ನಾನು ಶಾಲೆಗೆ ಹೋದದ್ದು ಹತ್ತು ವರ್ಷ ತುಂಬುವವರೆಗೆ ಮಾತ್ರ. ಆಮೇಲೆ ನಿಮ್ಮ ಮನೆಗೆ ಕೆಲಸಕ್ಕೆ ಬಂದೆ. ಈ ಕಾಗದವನ್ನು ಮೂರು ಸಲ ಬರೆದು ಹರಿದು ಒಲೆಗೆ ಹಾಕಿದ್ದೇನೆ. ಅಡುಗೆಯ ಮಿಸೆಸ್ ಗಾರ್ಸ್ ಇಣುಕಿ ನೋಡಿ, "ಏನೇ ಇದು, ಕೋಳಿ ಕೆರೆದ ಹಾಗಿದೆ! ಆ ಮಗು ಕಾಯಿಲೆ ಮಲಗಿರೋದು ಸಾಲದು ಅಂತ ಇದನ್ನ ಬೇರೆ ಓದಬೇಕಾ?" ಎಂದರು.

ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ ಆಟದ ದಿನ ಬೆಳಿಗ್ಗೆ ನಿಮ್ಮ ತಂದೆಯವರಿಗೆ ಹೇಳಿದ್ದು ನಾನೇ.

ಜೂನ್ ತಿಂಗಳಲ್ಲಿ ನಾವಿಬ್ಬರೂ ಟೆನಿಸ್ ಆಡುತ್ತಿದ್ದಾಗ ನೀವು ತೋಟದ ಗೋಡೆಯ ಹಿಂದೆ ಹೋಗಿ ಬಿದ್ದಿರಿ. ತುಟಿ ನೀಲಿಯಾಗಿತ್ತು. ಎಚ್ಚರವಾದ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡು, ಚಿಕ್ಕಂದಿನ ಜ್ವರ ಎದೆಯನ್ನು ಕೆಡಿಸಿದೆ, ಡಾಕ್ಟರು ಇನ್ನು ರಾಕೆಟ್ ಮುಟ್ಟಬಾರದು ಅಂದಿದ್ದಾರೆ, ಅಪ್ಪನಿಗೆ ಗೊತ್ತಿಲ್ಲ ಎಂದಿರಿ. "ಒಂದೇ ಆಟ ಕಣೇ ಟ್ಯಾಬ್," ಎಂದಿರಿ. "ಉಳಿದೋರೆಲ್ಲ ಹದಿನೈದು ದಿನ ಒಬ್ರನ್ನೊಬ್ರು ಸೋಲಿಸ್ಕೊಂಡು ಬರ್ತಾರೆ. ಹೋದ ವರ್ಷ ಗೆದ್ದೋಳು ನಾನು, ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರ್ತೀನಿ. ಕೊನೇಲಿ ಉಳಿದೋಳ ಜೊತೆ ಒಂದೇ ಒಂದು ಆಟ. ಅಷ್ಟಕ್ಕೆ ಸಾಯ್ತೀನಾ?" ನಾನು ಮಾತು ಕೊಟ್ಟೆ. ಬೈಬಲ್ ಮುಟ್ಟಿ ಕೊಟ್ಟೆ.

ಆದರೆ ಆ ಬೆಳಿಗ್ಗೆ ನಿಮ್ಮ ನಡುಕಟ್ಟಿನ ದಾರ ಎಳೆಯುತ್ತಿದ್ದವಳು ನಾನು. "ಇನ್ನೂ ಬಿಗಿ, ಇನ್ನೂ" ಎನ್ನುತ್ತಿದ್ದಿರಿ. ಕೈಯ ಕೆಳಗೆ ನಿಮ್ಮ ಎದೆ, ಚೀಲದಲ್ಲಿ ಹಾಕಿದ ಬೆಕ್ಕಿನ ಮರಿಯ ಹಾಗೆ ಒದ್ದಾಡುತ್ತಿತ್ತು. ಊಟದ ಕೋಣೆಗೆ ಇಳಿಯುವಾಗ ಮೂರನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿರಿ. ಶೂ ದಾರ ಬಿಚ್ಚಿದೆ ಎಂದಿರಿ. ದಾರ ಬಿಚ್ಚಿರಲಿಲ್ಲ.

ನಾನು ಅಯ್ಯನವರಿಗೆ ಹೇಳಿದೆ. ಅವರ ಕೈಯಲ್ಲಿದ್ದ ಮೊಟ್ಟೆಯ ಚಮಚ ಮೇಜಿನ ಮೇಲೆ ಬಿತ್ತು.

ಇನ್ನೊಂದು ಮಾತು ನೀವು ನಂಬಲಾರಿರಿ, ಆದರೂ ಬರೆಯುತ್ತೇನೆ. ನೀವು ಬಾರದಿದ್ದರೆ ಪಂದ್ಯ ನಡೆಸುವವರು ಕಾಯುತ್ತಾರೆ ಎಂದುಕೊಂಡಿದ್ದೆ. ನಮ್ಮ ಊರಿನವರು ಪಕ್ಕದ ಊರಿನ ಮೇಲೆ ಕ್ರಿಕೆಟ್ ಆಡುವಾಗ ಚೆಂಡೆಸೆಯುವ ನೆಡ್ ಹುಲ್ಲು ಕೊಯ್ಯಲು ಹೋದರೆ ಎಲ್ಲರೂ ಮುಂದಿನ ಶನಿವಾರಕ್ಕೆ ಕಾಯುತ್ತಾರಲ್ಲ, ಹಾಗೆ. ನೀವು ಎರಡು ಸಲ ಗೆದ್ದವರು. ನೀವು ಗುಣವಾಗುವ ತನಕ, ಬರುವ ಬೇಸಿಗೆಯ ತನಕವಾದರೂ, ಗೆದ್ದ ಬೆಳ್ಳಿಯ ಕಪ್ ನಿಮ್ಮ ಹತ್ತಿರವೇ ಇರುತ್ತದೆ ಎಂದುಕೊಂಡಿದ್ದೆ. ಒಂದು ಚೆಂಡನ್ನೂ ಹೊಡೆಯದೆ, ಮಧ್ಯಾಹ್ನ ಮೂರು ಗಂಟೆಗೆ ಎದುರಾಳಿ ಮಿಸ್ ಮಾರ್ಡನ್ ಅವರೇ ಗೆದ್ದರು ಎಂದು ಕೂಗಿಬಿಡುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಲ್ಲಿ ಸಮುದ್ರದ ಗಾಳಿ ನಿಮಗೆ ಒಗ್ಗಿದೆಯೇ? ಉತ್ತರ ಬರೆಯಲೇಬೇಕೆಂದಿಲ್ಲ.

ನಿಮ್ಮ ಸೇವಕಿ,
ಟಬಿತಾ ಪೆಲ್


ಟಾರ್ಕೀ
ಆಗಸ್ಟ್ ೧೯

ಟಬಿತಾ,

ನಿನ್ನ ಕಾಗದ ಬಂತು. ಹೇಳಿದ್ದು ನೀನೇ ಎಂದು ನನಗೆ ಆ ದಿನವೇ ಗೊತ್ತಾಯಿತು. ಅಪ್ಪ ಬಾಗಿಲಲ್ಲಿ ನಿಂತಿದ್ದರು, ಅವರ ಹಿಂದೆ ನೀನು ನಿನ್ನ ಏಪ್ರನ್ನಿನ ತುದಿ ಕಚ್ಚುತ್ತಿದ್ದೆ.

ಕಾಯುತ್ತಾರೆ ಅಂದುಕೊಂಡೆ ಎನ್ನುತ್ತೀಯ. ನಂಬುತ್ತೇನೆ. ಅದರಿಂದ ನನಗೇನೂ ಆಗುವುದಿಲ್ಲ.

ಎದೆ ನನ್ನದು. ಅದನ್ನು ಎಲ್ಲಿ ಖರ್ಚು ಮಾಡಬೇಕು ಎನ್ನುವುದೂ ನನ್ನದಾಗಿತ್ತು. ಈಗ ಅದನ್ನು ಕಂಬಳಿಯಲ್ಲಿ ಸುತ್ತಿ ಗಾಲಿ ಕುರ್ಚಿಯಲ್ಲಿ ಕೂರಿಸಿ ದಿನಕ್ಕೆರಡು ಸಲ ಸಮುದ್ರ ತೋರಿಸುತ್ತಾರೆ.

ಕಪಾಟಿನಲ್ಲಿರುವ ನನ್ನ ಬಿಳಿಯ ಆಟದ ಉಡುಪುಗಳನ್ನು ಯಾರಿಗಾದರೂ ಕೊಟ್ಟುಬಿಡು.

ಎಚ್. ಲಿಡ್ಲಿ


ಪಾದ್ರಿಮನೆ, ಲಿಟಲ್ ಹ್ಯಾಂಬರಿ
ಸೆಪ್ಟೆಂಬರ್ ೧೫

ಮಿಸ್ ಹೊನೋರಿಯಾ ಅವರಿಗೆ,

ಬರೆಯಬೇಡ ಎಂದು ನೀವು ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಉಡುಪುಗಳನ್ನು ಯಾರಿಗೆ ಕೊಡಲಿ? ಹಾಲಿನವನ ಹೆಂಡತಿಗೆ ತೋರಿಸಿದೆ. "ಇದನ್ನ ಹಾಕ್ಕೊಂಡು ಹಸು ಕರೆದ್ರೆ ಹಸು ಹೆದರಿ ಓಡೋಗುತ್ತೆ ಕಣಮ್ಮ" ಎಂದಳು. ಮತ್ತೆ ಮಡಿಸಿ ಇಟ್ಟಿದ್ದೇನೆ.

ಅಯ್ಯನವರು ಸರಿಯಾಗಿ ಊಟ ಮಾಡುತ್ತಿಲ್ಲ. ಹೋದ ಭಾನುವಾರ ಉಪದೇಶದ ನಡುವೆ ನಿಲ್ಲಿಸಿಬಿಟ್ಟರು. ನಾವೆಲ್ಲ ತಲೆ ಎತ್ತಿ ನೋಡಿದೆವು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಹಾಳೆ ತಿರುವಿ, ಬೇರೆಲ್ಲಿಂದಲೋ ಶುರು ಮಾಡಿದರು.

ಆಟದ ಅಂಗಳದ ಹುಲ್ಲನ್ನು ಕತ್ತರಿಸುವುದನ್ನು ನಿಲ್ಲಿಸೋಣವೇ ಎಂದು ಮಾಲಿ ಕೇಳಿದ. ಅಯ್ಯನವರು ಉತ್ತರ ಕೊಡದೆ ಒಳಗೆ ಹೋದರು. ಹಾಗಾಗಿ ಅವನು ನಿಲ್ಲಿಸಿಲ್ಲ. ನಿನ್ನೆ ಹುಲ್ಲಿನಲ್ಲಿ ಗೊರಸಿನ ಗುರುತು ಬೀಳದಂತೆ ಗಿಡ್ಡ ಕುದುರೆಯ ಕಾಲಿಗೆ ತೊಗಲಿನ ಚೀಲ ಕಟ್ಟಿ ಉರುಳುಗಲ್ಲು ಎಳೆಸಿದ. ಅದು ಮುದುಕಿಯೊಬ್ಬಳು ಚಪ್ಪಲಿ ಹಾಕಿಕೊಂಡು ನಡೆದ ಹಾಗೆ ನಡೆಯುತ್ತದೆ. ನೀವು ಇದ್ದಿದ್ದರೆ ನಗುತ್ತಿದ್ದಿರಿ.

ನನಗೆ ಬರೆಯಲು ಬೇರೆ ಏನೂ ತೋಚುವುದಿಲ್ಲ. ತೋಚಿದ್ದನ್ನು ಬರೆಯಲು ಧೈರ್ಯವಿಲ್ಲ.

ನಿಮ್ಮ ಸೇವಕಿ,
ಟಬಿತಾ ಪೆಲ್


ಪಾದ್ರಿಮನೆ, ಲಿಟಲ್ ಹ್ಯಾಂಬರಿ
ಅಕ್ಟೋಬರ್ ೬

ಮಿಸ್ ಹೊನೋರಿಯಾ ಅವರಿಗೆ,

ಹೋದ ಕಾಗದಕ್ಕೆ ಉತ್ತರ ಬರಲಿಲ್ಲ. ಅದಕ್ಕಾಗಿ ಈ ಕಾಗದವಲ್ಲ. ಇಲ್ಲಿ ನಡೆದದ್ದನ್ನು ಬೇರೆಯವರ ಬಾಯಿಂದ ನೀವು ಕೇಳಬಾರದು ಎಂದು ಬರೆಯುತ್ತಿದ್ದೇನೆ.

ಗುರುವಾರ ಮಿಸ್ ಅಗಸ್ಟಾ ಮಾರ್ಡನ್ ಬಂದಿದ್ದರು. ಸ್ಟೇಷನ್ನಿನಿಂದ ನಡೆದೇ ಬಂದರು, ಮಂಡಿಯ ತನಕ ಕೆಸರು, ಮೂಗು ಸೋರುತ್ತಿತ್ತು. ನಾನು ಬಾಗಿಲು ತೆಗೆದಾಗ ಬಟ್ಟೆ ಮಾರುವವರು ಎಂದುಕೊಂಡು ಹಿಂಬಾಗಿಲು ತೋರಿಸಿದೆ. ಅವರು ಸುಮ್ಮನೆ ಹಿಂಬಾಗಿಲಿಗೇ ಬಂದರು! ಅಯ್ಯನವರು ಒಂದು ಸಾವಿನ ಮನೆಗೆ ಹೋಗಿದ್ದರು. ನೀವು ಟಾರ್ಕೀಯಲ್ಲಿದ್ದೀರಿ ಎಂದು ಕೇಳಿ ಅಡುಗೆಮನೆಯ ಬೆಂಚಿನ ಮೇಲೆ ಕೂತುಬಿಟ್ಟರು.

"ಅವಳನ್ನ ನೋಡಿ ಒಂದು ಮಾತು ಹೇಳ್ಬೇಕಿತ್ತು," ಎಂದರು. "ಆ ಗೆಲುವು ನಂಗೆ ಅರಗ್ತಿಲ್ಲ. ಅವತ್ತು ಅಂಪೈರು ಕುರ್ಚಿಯಿಂದ ಇಳಿದು ಟೋಪಿ ತೆಗೆದ. ಜನ ಚಪ್ಪಾಳೆ ತಟ್ಟೋದೋ ಬೇಡ್ವೋ ಅಂತ ಒಬ್ರ ಮುಖ ಒಬ್ರು ನೋಡಿದ್ರು. ಒಬ್ಬ ಮುದುಕ ತಟ್ಟಿದ. ನಾನು ಗೆದ್ದಿದ್ದು ಅಷ್ಟೇ."

ಮಿಸೆಸ್ ಗಾರ್ಸ್ ಅವರಿಗೆ ಬಿಸಿ ಸೂಪು ಕೊಟ್ಟರು. ಅದನ್ನು ಕುಡಿದು ಅಂಗಳ ನೋಡಬಹುದೇ ಎಂದರು. ಹುಲ್ಲಿನ ಮೇಲೆ ನಿಂತು, ಇಲ್ಲಿ ನಿಮ್ಮ ಜೊತೆ ಯಾರು ಆಡುತ್ತಿದ್ದರು ಎಂದು ಕೇಳಿದರು.

"ಇಗೋ, ಇವಳೇ," ಎಂದರು ಮಿಸೆಸ್ ಗಾರ್ಸ್. "ಏಳು ವರ್ಷದಿಂದ. ಸಿಂಕಿನ ತುಂಬ ಪಾತ್ರೆ ಬಿದ್ದಿರೋದು, ಇವಳು ಇಲ್ಲಿ ಕುಣೀತಿರೋಳು."

"ಹಾಗಾದ್ರೆ ಹೊನೋರಿಯಾ ಹೇಗೆ ಆಡ್ತಾಳೆ ಅಂತ ನಿಂಗೆ ಗೊತ್ತು," ಎಂದರು. "ನಂಗೆ ತೋರಿಸ್ತೀಯಾ?"

ನನಗೆ ನಾಚಿಕೆಯಾಯಿತು. ಆದರೂ ನಿಮ್ಮ ಹಳೆಯ ಸೊಟ್ಟ ತಲೆಯ ರಾಕೆಟ್ ತಂದುಬಿಟ್ಟೆ. ನನಗೆ ಬರುವುದು ನಿಮ್ಮ ಆಟವೊಂದೇ. ಹೆಂಗಸರೆಲ್ಲ ಮೊದಲ ಚೆಂಡನ್ನು ಸೊಂಟದ ಕೆಳಗಿನಿಂದ ಎತ್ತಿ ಕೊಡುವಾಗ ನೀವು ತಲೆಯ ಮೇಲಿನಿಂದ ಹೊಡೆಯುತ್ತೀರಲ್ಲ, ಹಾಗೇ ಹೊಡೆದೆ. ನೀವು ಉದ್ದಕ್ಕೆ ಹೊಡೆಯುವ ಹಾಗೆ ಮಾಡಿ ನೆಟ್ಟಿನ ಹಿಂದೆಯೇ ಬೀಳಿಸುತ್ತೀರಲ್ಲ, ಹಾಗೇ ಬೀಳಿಸಿದೆ. ಅವರು ಬಹಳ ಚೆನ್ನಾಗಿ ಆಡುತ್ತಾರೆ ಅಮ್ಮಾವ್ರೇ. ಅವರು ಆರು ಗೇಮ್ ಗೆದ್ದರು. ನಾನು ಎರಡು ಗೆದ್ದೆ.

ಕೊನೆಗೆ ಅವರು ನೆಟ್ಟಿನ ಮೇಲೆ ಮೊಣಕೈ ಊರಿ ನಿಂತು ಉಸಿರು ಬಿಟ್ಟರು. "ನೀನು ಆ ಹೊಡೆತಗಳನ್ನ ಅರ್ಧ ಬಲದಲ್ಲಿ ಹೊಡೀತೀಯ. ಅವಳು ಪೂರ್ತಿ ಬಲದಲ್ಲಿ ಹೊಡೀತಾಳೆ. ಅವತ್ತು ಆಡಿದ್ರೆ ಸೋಲ್ತಿದ್ದೆ ನಾನು," ಎಂದರು. ಆಮೇಲೆ ಮೂಗು ಒರೆಸಿಕೊಂಡು, "ಹೀಗಂತ ಅವಳಿಗೆ ಬರಿ. ನನ್ನ ಮಾತಾಗೇ ಬರಿ," ಎಂದರು.

ಅದಕ್ಕೇ ಬರೆದಿದ್ದೇನೆ. ನಾನು ನಿಮ್ಮ ರಾಕೆಟ್ ಮುಟ್ಟಿದ್ದು ತಪ್ಪಾಗಿದ್ದರೆ ಅದನ್ನೂ ಹಳೆಯದರ ಜೊತೆ ಸೇರಿಸಿಕೊಳ್ಳಿ.

ನಿಮ್ಮ ಸೇವಕಿ,
ಟಬಿತಾ ಪೆಲ್


ಟಾರ್ಕೀ
ಅಕ್ಟೋಬರ್ ೧೪

ಟಬಿತಾ,

ಆರಕ್ಕೆ ಎರಡು! ಯಾವ ಎರಡು? ಮೊದಲ ಚೆಂಡನ್ನು ನೀನು ಕೊಟ್ಟಾಗಲೋ, ಅವಳು ಕೊಟ್ಟಾಗಲೋ? ಗಾಳಿ ಯಾವ ಕಡೆಗಿತ್ತು? ಹುಲ್ಲು ಒದ್ದೆಯಾಗಿತ್ತೇ? ಅಡುಗೆಮನೆಯ ಸೂಪಿನ ವಿಷಯ ಬರೆದಿದ್ದೀಯ, ಬೇಕಾದ ಒಂದು ವಿಷಯವನ್ನೂ ಬರೆದಿಲ್ಲ.

ಅವಳ ಎಡಗಡೆಗೆ ಹೊಡೆದೆಯಾ? ಮಾರ್ಡನ್ ಎಡಗಡೆಗೆ ಬಂದ ಚೆಂಡನ್ನು ಬಲಮಗ್ಗುಲಿಂದ ಹೊಡೆಯಲು ಸುತ್ತಿಕೊಂಡು ಓಡುತ್ತಾಳೆ. ಆಗ ಬಲಗಡೆಯ ಅರ್ಧ ಅಂಗಳ ಖಾಲಿ. ಎರಡು ವರ್ಷದ ಹಿಂದೆ ಚೆಲ್ಟನಮ್‌ನಲ್ಲಿ ಅವಳನ್ನು ಸೋಲಿಸಿದ್ದು ಅದರಿಂದಲೇ. ಈ ಸಲವೂ ಅದನ್ನೇ ಇಟ್ಟುಕೊಂಡಿದ್ದೆ. ಒಂದು ವರ್ಷ ಪೂರ್ತಿ ಆ ಖಾಲಿ ಜಾಗವನ್ನು ಕಣ್ಣೆದುರು ಇಟ್ಟುಕೊಂಡು ಮಲಗಿದ್ದೇನೆ. ಈಗಲೂ ಅಷ್ಟೇ.

ಇಲ್ಲಿ ಗಾಲಿ ಕುರ್ಚಿಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನನ್ನ ಪಕ್ಕ ಒಬ್ಬ ನಿವೃತ್ತ ಕರ್ನಲ್ ಇರುತ್ತಾರೆ. "ನೀವೇನಾ ಪತ್ರಿಕೆಯಲ್ಲಿ ಬಂದಿದ್ದ ಆ ಟೆನಿಸ್ ಹುಡುಗಿ? ಗಂಡಸರ ಥರ ತಲೆ ಮೇಲಿಂದ ಹೊಡೀತೀರಂತೆ! ಅದಕ್ಕೇ ನೋಡಿ ಹೀಗಾಗಿದ್ದು," ಎಂದರು. ನಾನು, "ಕರ್ನಲ್ ಸಾಹೇಬ್ರೇ, ನೀವು ಯಾರ ಥರ ಹೊಡೆದು ಹೀಗಾದ್ರಿ?" ಎಂದೆ. ಮೂರು ದಿನ ಮಾತು ಬಿಟ್ಟಿದ್ದರು. ನಿನ್ನೆ ದ್ರಾಕ್ಷಿ ಕಳಿಸಿದ್ದಾರೆ.

ನನಗೆ ಹದಿನಾರು ವರ್ಷವಾಗಿದ್ದಾಗ ಅಮ್ಮನ ಬಿಳಿ ಲಂಗವನ್ನು ಕತ್ತರಿಸಿ ಹೊಲಿಸಿಕೊಂಡು ಮೊದಲ ಪಂದ್ಯಕ್ಕೆ ಹೋದದ್ದು ನಿನಗೆ ನೆನಪಿದೆಯೇ? ನೀನು ಚೆಂಡುಗಳ ಫ್ಲಾನೆಲ್ ಬಟ್ಟೆ ಬಿಚ್ಚದಂತೆ ರಾತ್ರಿಯೆಲ್ಲ ಹೊಲಿಗೆ ಹಾಕಿದ್ದೆ. ಎರಡನೆಯ ಸುತ್ತಿನಲ್ಲೇ ಸೋತು ಬಂದೆ. ರೈಲಿನಲ್ಲಿ ಅತ್ತೆ. ನೀನು "ಮುಂದಿನ ಸಲ" ಎನ್ನಲಿಲ್ಲ. ಬೇರೆಯವರೆಲ್ಲ ಅದನ್ನೇ ಅಂದರು. ನೀನು ಮಾತ್ರ, "ಬಲಗಡೆ ತುಂಬ ಮುಂದೆ ನಿಂತಿದ್ರಿ" ಎಂದೆ. ಅವತ್ತಿನಿಂದ ನಾನು ಬೇರೆ ಯಾರ ಮಾತನ್ನೂ ಕೇಳಿಲ್ಲ. ಆ ಎರಡು ಕಪ್‌ಗಳೂ ಹಾಗೆ ಬಂದವು.

ಅದಕ್ಕೇ ಇದು ಇಷ್ಟು ಉರಿಯುತ್ತದೆ. ಅಪ್ಪ ತಾವೇ ಕಂಡುಹಿಡಿದಿದ್ದರೆ, ಡಾಕ್ಟರು ಅವರಿಗೆ ಹೇಳಿದ್ದರೆ, ಬೈದುಕೊಂಡು ಸುಮ್ಮನಾಗುತ್ತಿದ್ದೆ.

ಸೋಲುತ್ತಿದ್ದೆ ಎಂದು ಮಾರ್ಡನ್ ಹೇಳಿದ್ದು ಅವಳ ದೊಡ್ಡ ಮನಸ್ಸು. ನಿಜವೋ ಸುಳ್ಳೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಒಂದು ಪ್ರಶ್ನೆ. ಅವಳ ಮೇಲೆ ಎರಡು ಗೇಮ್ ಗೆದ್ದವಳು ಏಳು ವರ್ಷದಲ್ಲಿ ನನ್ನ ಮೇಲೆ ಒಂದು ಸೆಟ್ಟನ್ನೂ ಗೆದ್ದಿಲ್ಲ. ಯಾಕೆ?

ಹೊನೋರಿಯಾ


ಪಾದ್ರಿಮನೆ, ಲಿಟಲ್ ಹ್ಯಾಂಬರಿ
ಅಕ್ಟೋಬರ್ ೨೦

ಮಿಸ್ ಹೊನೋರಿಯಾ ಅವರಿಗೆ,

ಗಾಳಿ ಚರ್ಚಿನ ಕಡೆಯಿಂದ ಬೀಸುತ್ತಿತ್ತು. ಹುಲ್ಲು ಒದ್ದೆಯಾಗಿತ್ತು. ಗೆದ್ದ ಎರಡೂ ಗೇಮ್ ನಾನು ಚೆಂಡು ಕೊಟ್ಟಾಗಲೇ. ಎಡಗಡೆಗೆ ಹೊಡೆದೆ, ಅವರು ನೀವು ಹೇಳಿದ ಹಾಗೇ ಸುತ್ತಿಕೊಂಡು ಓಡಿದರು. ಜಾಗ ಖಾಲಿಯಿತ್ತು.

ಕೊನೆಯ ಪ್ರಶ್ನೆಗೆ ಉತ್ತರವನ್ನು ಕಾಗದದಲ್ಲಿ ಬರೆಯಲು ನನಗೆ ಬರುವುದಿಲ್ಲ.

ಟಬಿತಾ


ಟಾರ್ಕೀ
ನವೆಂಬರ್ ೨೧

ಟ್ಯಾಬ್,

ಕೈ ನಡುಗುತ್ತದೆ, ಈಗ ನನ್ನದೇ ಕೋಳಿ ಕೆರೆದ ಅಕ್ಷರ. ಕುರ್ಚಿಯನ್ನು ಹೊರಗೆ ಒಯ್ಯುವುದನ್ನು ನಿಲ್ಲಿಸಿದ್ದಾರೆ. ಅಪ್ಪ ಇಲ್ಲೇ ಇದ್ದಾರೆ, ನಿನಗೆ ಗೊತ್ತು. ಹಗಲೆಲ್ಲ ನನ್ನ ಪಕ್ಕ ಕೂತು, ನಾನು ನೋಡದಿರುವಾಗ ನನ್ನನ್ನು ನೋಡುತ್ತಾರೆ.

ನಾನು ನಿನ್ನನ್ನು ಕ್ಷಮಿಸಿಲ್ಲ. ಪ್ರಯತ್ನ ಮಾಡಿದೆ, ಆಗಲಿಲ್ಲ. ಸುಳ್ಳು ಹೇಳಿ ಕರೆಸಿಕೊಳ್ಳುವುದು ಬೇಡ ಎಂದು ಇದನ್ನು ಮೊದಲೇ ಹೇಳುತ್ತಿದ್ದೇನೆ.

ಆದರೂ ಬಾ.

ಹೊನೋರಿಯಾ


ಟಾರ್ಕೀ
ಡಿಸೆಂಬರ್ ೯, ೧೮೮೯

ಮಿಸ್ ಮಾರ್ಡನ್ ಅವರಿಗೆ,

ನೀವು ಅಯ್ಯನವರಿಗೆ ಬರೆದ ಕಾಗದ ತಲುಪಿತು. ಅವರಿಂದ ಈಗ ಬರೆಯಲಾಗುವುದಿಲ್ಲ, ನೀನೇ ಬರಿ ಎಂದರು. ನಿಮ್ಮಂಥವರಿಗೆ ನಾನು ಬರೆಯುವುದು ಇದೇ ಮೊದಲು, ತಪ್ಪಿದ್ದರೆ ನಗಬೇಡಿ.

ಮಿಸ್ ಹೊನೋರಿಯಾ ಶುಕ್ರವಾರ ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ತೀರಿಕೊಂಡರು. ನಾನು ಬಂದು ಹನ್ನೆರಡು ದಿನವಾಗಿತ್ತು.

ನಾನು ಕೋಣೆಗೆ ಬಂದಾಗ ಅವರು ದಿಂಬುಗಳಿಗೆ ಒರಗಿ ಕೂತಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ. ನಾನು ಅಳುತ್ತೇನೆ ಎಂದು ಗೊತ್ತಾಗಿ, "ಅಳೋಕೆ ಬಂದಿದ್ರೆ ವಾಪಸ್ ಹೋಗು, ಇಲ್ಲಿ ಅದಕ್ಕೆ ಅಪ್ಪ ಇದ್ದಾರೆ," ಎಂದರು. ಆಮೇಲೆ ನಿಮ್ಮ ಜೊತೆ ನಾನು ಆಡಿದ ಆಟವನ್ನು ಹೇಳು ಎಂದರು. ಮೊದಲ ಚೆಂಡಿನಿಂದ. ದಿನಕ್ಕೆ ಒಂದು ಗೇಮ್ ಹೇಳಿದೆ, ಅಷ್ಟರಲ್ಲಿ ಅವರಿಗೆ ಆಯಾಸವಾಗುತ್ತಿತ್ತು. ನಾನು ತಪ್ಪಾಗಿ ನಿಂತ ಕಡೆ ನಿಲ್ಲಿಸಿ, "ಅಲ್ಲಿಂದ ಯಾಕೆ ಹೊಡೆದೆ? ಎರಡು ಹೆಜ್ಜೆ ಹಿಂದೆ," ಎನ್ನುವರು. ನಿಮ್ಮ ಒಳ್ಳೆಯ ಹೊಡೆತ ಬಂದಾಗ ಕಣ್ಣು ಮುಚ್ಚಿಕೊಂಡು, "ಹೂಂ, ಅದು ಚೆನ್ನಾಗಿದೆ. ಅದಕ್ಕೆ ನಾನೂ ಏನೂ ಮಾಡೋಕಾಗ್ತಿರ್ಲಿಲ್ಲ," ಎನ್ನುವರು. ನೀವು ಇದನ್ನು ತಿಳಿದುಕೊಳ್ಳಬೇಕು ಎಂದು ಬರೆದಿದ್ದೇನೆ.

ಏಳನೆಯ ದಿನ ಅವರು ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದರು. ತಮ್ಮ ಜೊತೆ ಆಡುವಾಗ ಬೇಕೆಂದೇ ಸೋಲುತ್ತಿದ್ದೆಯಾ ಎಂದು. ಹೌದು, ಕೆಲವು ಸಲ, ಎಂದೆ.

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲ ಅಮ್ಮಾವ್ರೇ."

"ಯಾಕೆ?"

"ನೀವು ಗೆದ್ದಾಗ ನಿಮ್ಮ ಮುಖ ನೋಡೋಕೆ ಚೆನ್ನಾಗಿರ್ತಿತ್ತು."

ಅವರು ಹೊದಿಕೆಯನ್ನು ಮೇಲಕ್ಕೆ ಎಳೆದುಕೊಂಡರು. ಆಮೇಲೆ, "ಏಳು ವರ್ಷ ಬಾಯಿ ಮುಚ್ಕೊಂಡಿದ್ದೋಳಿಗೆ ಅವತ್ತೊಂದು ದಿನ ಆಗ್ಲಿಲ್ವೇನೇ?" ಎಂದರು. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದರು.

ಆಗಲಿಲ್ಲ ಎಂದೆ. ಮತ್ತೆ ಆ ದಿನವೇ ಬಂದರೆ ಏನು ಮಾಡುತ್ತೀಯ ಎಂದರು. ಮತ್ತೆ ಹೇಳುತ್ತೇನೆ ಎಂದೆ. ಸುಳ್ಳು ಹೇಳಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಅವರೂ ನನಗೆ ಸುಳ್ಳು ಹೇಳದೆ ಕರೆಸಿಕೊಂಡಿದ್ದರಲ್ಲ.

"ಹಾಳಾದೋಳೇ," ಎಂದರು. ದಿಂಬು ಸರಿಮಾಡು ಎಂದರು. ಸರಿಮಾಡಿದೆ.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೊನೆಯ ದಿನಗಳಲ್ಲಿ ಬೇಕಾದಷ್ಟು ಹೊತ್ತಿತ್ತು, ನಾವಿಬ್ಬರೇ ಇರುತ್ತಿದ್ದೆವು, ಆದರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ದಾದಿಯ ಕೈಯಿಂದ ತಲೆ ಬಾಚಿಸಿಕೊಳ್ಳುತ್ತಿರಲಿಲ್ಲ, ನಾನೇ ಬಾಚಬೇಕಿತ್ತು. ನೋವಾದರೆ ನನ್ನನ್ನೇ ಬೈಯುತ್ತಿದ್ದರು.

ಜುಲೈನಲ್ಲಿ ಆಡದಿದ್ದುದರಿಂದ ಅವರು ಐದು ತಿಂಗಳು ಬದುಕಿದರು ಎಂದು ಇಲ್ಲಿಯ ಡಾಕ್ಟರು ಅಯ್ಯನವರಿಗೆ ಹೇಳಿದರು. ಅಯ್ಯನವರು ನನ್ನ ಕೈ ಹಿಡಿದುಕೊಂಡು ಅದನ್ನೇ ಎರಡು ಸಲ ಹೇಳಿದರು. ಆ ಐದು ತಿಂಗಳು ಮಿಸ್ ಹೊನೋರಿಯಾ ಅವರಿಗೆ ಬೇಕಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಹನ್ನೆರಡು ದಿನ ನನಗೆ ಬೇಕಿತ್ತು. ಅಷ್ಟು ಮಾತ್ರ ಗೊತ್ತು.

ಅವರು ಆಟ ಬಿಟ್ಟುಕೊಟ್ಟರು ಎಂದು ಪತ್ರಿಕೆಗಳು ಬರೆದಿವೆಯಂತೆ. ಅವರಾಗಿ ಬಿಡಲಿಲ್ಲ ಎಂದು ನೀವು ಯಾರಿಗಾದರೂ ಹೇಳಿದರೆ ಉಪಕಾರವಾಗುತ್ತದೆ. ನೀವು ಹೇಳಿದರೆ ನಂಬುತ್ತಾರೆ.

ನಾಳೆ ಅವರನ್ನು ಲಿಟಲ್ ಹ್ಯಾಂಬರಿಗೆ ಕರೆದೊಯ್ಯುತ್ತೇವೆ. ಅಯ್ಯನವರು ಮಲಗಿದ್ದಾರೆ, ಅವರು ಏಳುವ ಮೊದಲು ಇದನ್ನು ಮುಗಿಸಬೇಕು.

ಇವತ್ತು ಬೆಳಿಗ್ಗೆ ಏಳು ಗಂಟೆಗೆ, ದಿನದ ಹಾಗೆ ಬಿಸಿನೀರಿನ ಹೂಜಿ ಎತ್ತಿಕೊಂಡು ಮಿಸ್ ಹೊನೋರಿಯಾ ಅವರ ಕೋಣೆಗೆ ಹೋಗಿಬಿಟ್ಟೆ. ಹಾಸಿಗೆಯ ಬಟ್ಟೆ ತೆಗೆದಾಗಿತ್ತು. ಹೂಜಿಯಿಂದ ಆವಿ ಏಳುತ್ತಿತ್ತು, ಅದನ್ನು ಕೆಳಗೆ ಒಯ್ದು ಚೆಲ್ಲಲು ಮನಸ್ಸಾಗಲಿಲ್ಲ. ಅವರ ಬೋಗುಣಿಗೆ ಸುರಿದುಕೊಂಡು, ಅಂಗಿಯ ತೋಳು ಮಡಿಸಿ, ಆ ನೀರಿನಲ್ಲಿ ನಾನೇ ಮುಖ ತೊಳೆದುಕೊಂಡೆ.

ತಮ್ಮ ವಿಧೇಯಳು,
ಟಬಿತಾ ಪೆಲ್